ನಿಮ್ಮ ಬಾಲು ಎಷ್ಟು ಸ್ಪೀಡು ಸ್ವಾಮಿ?

ನಿಜ ಹೇಳಿ, ಕಾಲೇಜಿನಲ್ಲಿದ್ದಾಗ ಎಷ್ಟು ಸ್ಪೀಡಲ್ಲಿ ಬೌಲಿಂಗ್ ಹಾಕ್ತಿದ್ರಿ? 130? 135? ಗೊತ್ತಿತ್ತು ಬಿಡಿ. ಬೆಂಗಳೂರಿನ ಸುಂಕದಕಟ್ಟೆಯಲ್ಲಿ ನಲವತ್ತು ದಾಟಿದ ಯಾವ ಗಂಡಸನ್ನ ಕೇಳಿದ್ರೂ ಇದೇ ಉತ್ತರ. ಹೊಟ್ಟೆ ಮುಂದಕ್ಕೆ ಬಂದಿರುತ್ತೆ, ಮಂಡಿ ಕೈಕೊಟ್ಟಿರುತ್ತೆ, 135 ಮಾತ್ರ ಇದ್ದಲ್ಲೇ ಇರುತ್ತೆ. (ಇಲ್ಲೀವರೆಗೆ ಒಬ್ಬರೂ 95 ಅಂದಿಲ್ಲ. 95 ಹಾಕ್ತಿದ್ದವರೆಲ್ಲ ಬಹುಶಃ ಮನೆ ಖಾಲಿ ಮಾಡ್ಕೊಂಡು ವಿಜಯನಗರಕ್ಕೆ ಹೋಗಿರಬೇಕು.)

ಅಳೆದವರು ಯಾರು ಅಂತ ಮಾತ್ರ ಕೇಳಬಾರದು. ‘ಬ್ಯಾಟ್ ಎತ್ತೋದ್ರೊಳಗೆ ಸ್ಟಂಪ್ ಹಾರೋಗಿತ್ತು ಕಣ್ರೀ’ ಅನ್ನೋದೇ ಅಳತೆ. ಆ ಸ್ಟಂಪ್ ಅಂದ್ರೇನು? ಒಂದರ ಮೇಲೊಂದು ಪೇರಿಸಿದ್ದ ಸಾಲಿಡ್ ಬ್ಲಾಕು. ಅದು ಹೇಗಪ್ಪಾ ಹಾರಿತು ಅಂತ ಇವತ್ತಿಗೂ ಯಾರೂ ವಿಚಾರಿಸಿಲ್ಲ. ಸಾಕ್ಷಿಗೆ ಕೀಪರ್ ಒಬ್ಬನಿದ್ದ, ಅವನು ಈಗ ನೆಲಮಂಗಲ ಕಡೆ ಸೈಟ್ ಬಿಸಿನೆಸ್ಸು, ಫೋನ್ ಎತ್ತಲ್ಲ.

ಇಷ್ಟು ವರ್ಷ ಈ ಲೆಕ್ಕ ನೆಮ್ಮದಿಯಾಗಿ ನಡ್ಕೊಂಡು ಬಂತು. ಈಗ ಗ್ರಹಚಾರ ವಕ್ಕರಿಸಿದೆ, ರೇಡಾರ್ ಗನ್. ಭಾನುವಾರ ಬೆಳಗ್ಗೆ ಹುಡುಗರು ಟೆನ್ನಿಸ್ ಬಾಲ್ ಮ್ಯಾಚ್ ಆಡೋ ಜಾಗಕ್ಕೆ ಯಾರದೋ ಅಮೆರಿಕದ ಭಾವ ತಂದುಕೊಟ್ಟ ಗನ್ ಬರುತ್ತೆ. ಹೇರ್ ಡ್ರೈಯರ್ ಥರ ಇದೆಯಲ್ಲ ಅಂತ ನೀವು ನಗ್ತೀರಿ. ‘ಅಂಕಲ್, ಒಂದು ಬಾಲ್ ಹಾಕಿ’ ಅಂತಾರೆ. ಆಗ ನಿಮ್ಮ ನಗು ನಿಲ್ಲುತ್ತೆ ನೋಡಿ.

ಬಾಲ್ ಅಳೆಯೋ ಗನ್ನು ಹುಟ್ಟಿದ್ದು ಬೇಸ್‌ಬಾಲ್‌ಗೆ. ಬೇಸ್‌ಬಾಲ್ ಅಂದ್ರೆ ನಮ್ಮ ಏರಿಯಾದಲ್ಲಿ ಗೊತ್ತಿರೋದು ಬರೀ ಬ್ಯಾಟು, ಅದೂ ಕ್ಯಾಬಿನ ಸೀಟ್ ಕೆಳಗೆ ಮಲಗಿರೋ ಬ್ಯಾಟು. ಆದ್ರೆ ಅಮೆರಿಕದಲ್ಲಿ ಬಾಲ್ ಎಸೆಯೋನ ಸಂಬಳ, ಮದುವೆ, ಮರ್ಯಾದೆ ಎಲ್ಲ ಈ ಗನ್ನಿನ ಮೇಲೆ ನಿಂತಿದೆ. ತಮಾಷೆ ಏನಂದ್ರೆ ಗನ್ ಮೊದಲು ಇದ್ದದ್ದು ಪೊಲೀಸರ ಕೈಲಿ. 1974ರ ಸುಮಾರಿಗೆ ಮಿಷಿಗನ್ ಸ್ಟೇಟ್ ಯೂನಿವರ್ಸಿಟಿಯ ಕೋಚ್ ಡ್ಯಾನಿ ಲಿಟ್‌ವೈಲರ್ ಕಾಲೇಜ್ ಪೇಪರಿನಲ್ಲಿ ಒಂದು ಫೋಟೋ ನೋಡಿದ. ಕ್ಯಾಂಪಸ್ ಪೊಲೀಸರು ಗಾಡಿಗಳ ಸ್ಪೀಡ್ ಹಿಡಿಯೋ ಗನ್ ಹಿಡ್ಕೊಂಡು ನಿಂತಿದ್ರು. ಅದನ್ನ ನಮ್ಮ ಹುಡುಗರ ಬಾಲಿಗೆ ಹಿಡಿದ್ರೆ ಹೇಗೆ ಅಂತ ಅವನಿಗೆ ಹೊಳೀತು. ಪೊಲೀಸರನ್ನೇ ಗ್ರೌಂಡಿಗೆ ಕರೆಸಿಕೊಂಡ! (ಈ ಲಿಟ್‌ವೈಲರ್ 1942ರ ಸೀಸನ್ ಪೂರ್ತಿ ಫೀಲ್ಡಿಂಗಲ್ಲಿ ಒಂದೇ ಒಂದು ಎರರ್ ಮಾಡದೆ ಆಡಿದ್ದ ಆಸಾಮಿ. ಇಂಥವರೇ ಅಳತೆ ಗಿಳತೆ ಅಂತ ತಲೆ ಕೆಡಿಸ್ಕೊಳ್ಳೋದು, ನೀವು ನಾವಲ್ಲ.)

ಅದಕ್ಕೂ ಮುಂಚೆ ಇನ್ನೂ ಮಜಾ ಇತ್ತು. 1940ರಲ್ಲಿ ಶಿಕಾಗೋದಲ್ಲಿ ಬಾಬ್ ಫೆಲ್ಲರ್ ಅನ್ನೋ ಪಿಚರ್‌ನ ಬಾಲಿಗೂ ಮೋಟರ್ ಸೈಕಲ್ಲಿಗೂ ರೇಸ್ ಇಟ್ಟಿದ್ರು. ಬೈಕು ಗಂಟೆಗೆ 86 ಮೈಲಿಯಲ್ಲಿ, ಅಂದ್ರೆ 138 ಕಿಲೋಮೀಟರಲ್ಲಿ, ಪಕ್ಕದಿಂದ ಭರ್ರ್ ಅಂತ ಹೋಗುತ್ತೆ, ಅವನು ಎಸೀಬೇಕು. ಬಾಲೇ ಗೆದ್ದಿತು. ನೀವೂ ಮಾಗಡಿ ರೋಡಲ್ಲಿ ಸಂಜೆ ಆರಕ್ಕೆ ಇದೇ ರೇಸ್ ಇಟ್ಕೊಳ್ಳಿ. ಫೆಲ್ಲರ್ ಯಾಕೆ, ನಿಮ್ಮ ಏರಿಯಾದ ಲೆಗ್ ಸ್ಪಿನ್ನರ್ರೂ ಗೆಲ್ತಾನೆ. 2022ರ ಟಾಮ್‌ಟಾಮ್ ಲೆಕ್ಕದಲ್ಲಿ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಹೋಗೋಕೆ ಸರಾಸರಿ 29 ನಿಮಿಷ 10 ಸೆಕೆಂಡ್ ಬೇಕಿತ್ತು. ಅದು ಇಪ್ಪತ್ತು ಚಿಲ್ಲರೆ ಸ್ಪೀಡು.

ಇಂಡಿಯಾದಲ್ಲೂ ಈ ಗನ್ನು ಒಮ್ಮೆ ಊರೂರು ಸುತ್ತಿದೆ, ಗೊತ್ತಾ? 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಅಂತ ಕಾಂಪಿಟಿಷನ್ನು. ಬನ್ನಿ, ಎಸೀರಿ, ಗನ್ನಲ್ಲಿ ಜಾಸ್ತಿ ಬಂದವರಿಗೆ ಕಾಸು. ಉತ್ತರ ಪ್ರದೇಶದ ಜಾವೆಲಿನ್ ಹುಡುಗ ರಿಂಕು ಸಿಂಗ್ 87 ಮೈಲಿ ಎಸೆದು ಗೆದ್ದ. ಆಮೇಲೆ ಅವನು, ಜೊತೆಗೆ ದಿನೇಶ್ ಪಟೇಲ್, ಇಬ್ಬರೂ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಸೈನ್ ಮಾಡಿದ್ರು, 2014ರಲ್ಲಿ ಡಿಸ್ನಿಯವರು ಸಿನಿಮಾನೂ ಮಾಡಿದ್ರು. ಬೇಸ್‌ಬಾಲ್ ಅಂದ್ರೇನು ಅಂತಲೇ ಗೊತ್ತಿಲ್ಲದ ಹುಡುಗ, ಬರೀ ನಂಬರಿನ ಬಲದ ಮೇಲೆ ಅಮೆರಿಕ ಸೇರಿಬಿಟ್ಟ. 87 ಮೈಲಿ ಅಂದ್ರೆ 140 ಕಿಲೋಮೀಟರ್. ಹೌದು, ನೀವು ಹೇಳೋ ಸ್ಪೀಡಿಗಿಂತ ಐದೇ ಐದು ಜಾಸ್ತಿ. ನಿಮ್ಮನ್ನ ಯಾಕೆ ಕರೀಲಿಲ್ಲ ಅಂತ ಸ್ವಲ್ಪ ಯೋಚನೆ ಮಾಡಿ.

ಈಗ ಗನ್ ಹೇಗೆ ಕೆಲಸ ಮಾಡುತ್ತೆ ಅಂತ ತಿಳ್ಕೊಳ್ಳಿ. ಜಗಳ ಆಡೋಕೆ ಬೇಕಾಗುತ್ತೆ. 1842ರಲ್ಲಿ ಕ್ರಿಶ್ಚಿಯನ್ ಡಾಪ್ಲರ್ ಅನ್ನೋರು ಹೇಳಿದ ಸಂಗತಿ ಇದು: ಹತ್ತಿರ ಬರ್ತಿರೋದರ ಅಲೆ ಒತ್ತೊತ್ತಾಗುತ್ತೆ, ದೂರ ಹೋಗ್ತಿರೋದರದ್ದು ವಿರಳ ಆಗುತ್ತೆ. ಆಂಬುಲೆನ್ಸ್ ಬರುವಾಗ ಸೈರನ್ ಕೀಚಲು, ದಾಟಿದ ಮೇಲೆ ದಪ್ಪ ದನಿ ಅಂತ ಪುಸ್ತಕದಲ್ಲಿ ಉದಾಹರಣೆ ಕೊಡ್ತಾರೆ. ಸುಂಕದಕಟ್ಟೆ ಮಕ್ಕಳಿಗೆ ಆ ಉದಾಹರಣೆ ಅರ್ಥ ಆಗಲ್ಲ. ಇಲ್ಲಿ ಆಂಬುಲೆನ್ಸ್ ಸಿಗ್ನಲ್ಲಲ್ಲಿ ನಿಂತೇ ಇರುತ್ತೆ, ಸೈರನ್ ಒಂದೇ ಶ್ರುತಿಯಲ್ಲಿ ಹೊಡ್ಕೊಳ್ತಿರುತ್ತೆ.

ಸಾಧಾರಣ ಗನ್ ಬಿಡೋ ಅಲೆ ಸೆಕೆಂಡಿಗೆ ಸುಮಾರು 2,400 ಕೋಟಿ ಸಲ ಕಂಪಿಸುತ್ತೆ. ಅದು ಬಾಲಿಗೆ ಬಡಿದು ವಾಪಸ್ ಬರುವಾಗ ಆ ಎಣಿಕೆ ಚೂರು ಬದಲಾಗಿರುತ್ತೆ, ಗಂಟೆಗೆ ಒಂದು ಕಿಲೋಮೀಟರಿಗೆ ಹತ್ತಿರತ್ತಿರ 45ರಷ್ಟು. ನೀವು 120 ಹಾಕಿದ್ರೆ ವ್ಯತ್ಯಾಸ ಐದು ಸಾವಿರ ಚಿಲ್ಲರೆ. 2,400 ಕೋಟಿಯಲ್ಲಿ ಐದು ಸಾವಿರದ ವ್ಯತ್ಯಾಸ ಹಿಡಿಯೋ ಮೆಷಿನ್ನು ಸ್ವಾಮಿ ಅದು! ಒಳ್ಳೇದಾದ್ರೆ ಒಂದೆರಡು ಕಿಲೋಮೀಟರ್ ಆಚೀಚೆ ಆಗಬಹುದು ಅಷ್ಟೆ. (ರೇಡಾರು ನಮಗೇನು ಹೊಸದಾ? ಪೀಣ್ಯ ದಾಟಿದ್ರೆ ಜಾಲಹಳ್ಳಿ, ಅಲ್ಲಿ ಬಿಇಎಲ್. ವಿಮಾನ ಹುಡುಕೋ ರೇಡಾರ್ ಮಾಡೋ ಫ್ಯಾಕ್ಟರಿಯಲ್ಲಿ ಈ ಕಡೆ ಪ್ರತಿ ಮನೆಗೂ ಒಬ್ಬರು ಮಾವ ಇದ್ದೇ ಇರ್ತಾರೆ. ಒಂದು ಮಾತು ಕೇಳಿ ನೋಡಿ, ನೀವು ಎದ್ದು ಹೋಗೋವರೆಗೂ ವಿವರಿಸ್ತಾರೆ.)

ಸರಿ, ಓಡಿ ಬಂದ್ರಿ, ಹಾಕಿದ್ರಿ. ಗನ್ನಲ್ಲಿ 60. ‘ಮಗಾ, ಗನ್ ಕೆಟ್ಟೋಗಿದೆ!’ ಅಂದ್ರಿ ತಾನೇ? ಗನ್ ಕೆಟ್ಟಿಲ್ಲ. ಗನ್ ಹಿಡಿದ ಹುಡುಗ ನಿಂತಿರೋ ಜಾಗ ಕೆಟ್ಟಿದೆ. ಬಿಸಿಲು ಅಂತ ಪಾಯಿಂಟ್ ಕಡೆ ಹೊಂಗೆ ಮರದ ನೆರಳಲ್ಲಿ ನಿಂತಿದ್ದಾನೆ. ಪಿಯುಸಿಯಲ್ಲಿ ಕಾಸ್ ತೀಟಾ ಯಾಕಪ್ಪಾ ಬೇಕು ಅಂತ ಲೆಕ್ಚರರ್‌ನ ಬೈದಿದ್ರಲ್ಲ, ಇಲ್ಲಿಗೇ ಬೇಕಿತ್ತು. ಗನ್ನು ತನ್ನ ಕಡೆಗೆ ಎಷ್ಟು ಬೇಗ ಬಾಲ್ ಬರುತ್ತೆ ಅನ್ನೋದನ್ನ ಮಾತ್ರ ನೋಡುತ್ತೆ. ಬಾಲಿನ ದಾರಿಗೂ ಗನ್ನಿನ ನೋಟಕ್ಕೂ 10 ಡಿಗ್ರಿ ಕೋನ ಇದ್ರೆ ನಷ್ಟ ಜುಜುಬಿ, ನೂರಕ್ಕೆ ಒಂದೂವರೆ. 20 ಡಿಗ್ರಿ ಆದ್ರೆ ನೂರಕ್ಕೆ 6. 30 ಆದ್ರೆ 13. 60 ಡಿಗ್ರಿಗೆ ಬಂತೋ, ಅರ್ಧಕ್ಕರ್ಧ ಹೋಯ್ತು! ಬಾಲು ಅವನ ನೇರಕ್ಕೆ, ಸರೀ ಅಡ್ಡಡ್ಡಲಾಗಿ ಹಾಯೋ ಗಳಿಗೆಯಲ್ಲಿ ಗನ್ನಿನ ಪಾಲಿಗೆ ಅದರ ಸ್ಪೀಡು ಸೊನ್ನೆ.

ಅಂದ್ರೆ ನಿಮ್ಮ 120ರಲ್ಲಿ 60 ಮರದ ನೆರಳಿಗೆ ಹೋಯ್ತು. ಇದು ತಿಳಿದ ಕೂಡಲೇ ನಿಮ್ಮ ಮುಖ ಅರಳೋದು ಕಾಣ್ತಿದೆ. ಇರಿ ಇರಿ. ಬೌಲರ್ ಹಿಂದೆ, ಅಂಪೈರ್ ಬೆನ್ನಿಗೆ ನೇರವಾಗಿ ಅವನನ್ನ ನಿಲ್ಲಿಸಿ. ಇನ್ನೊಂದು ಹಾಕಿ. 84. ಈಗೇನ್ ಹೇಳ್ತೀರಿ? ‘ಟೆನ್ನಿಸ್ ಬಾಲ್ ಕಣ್ರೀ, ಲೆದರ್ ಆಗಿದ್ರೆ ತೋರಿಸ್ತಿದ್ದೆ.’

ಇದರಲ್ಲಿ ಚೂರು ಸತ್ಯ ಇದೆ, ಚೂರೇ ಚೂರು. ಲೆದರ್ ಬಾಲ್ 156 ಗ್ರಾಂ ಮೇಲಿರುತ್ತೆ, ಬೇಸ್‌ಬಾಲ್ 142 ಮೇಲೆ, ಟೆನ್ನಿಸ್ ಬಾಲ್ 60 ಗ್ರಾಂ ಕೂಡ ತೂಗಲ್ಲ, ಮೈತುಂಬ ಜುಂಗು ಬೇರೆ. ಗಾಳಿ ಅದನ್ನ ಹಿಡಿದು ಎಳೆಯುತ್ತೆ. ಕೈಬಿಟ್ಟ ಜಾಗದಿಂದ ಹದಿನೆಂಟು ಮೀಟರ್ ನೆಲಕ್ಕೆ ತಾಗದೆ ಹೋದ್ರೂ ಲೆದರ್ ಬಾಲು ನೂರಕ್ಕೆ ಹತ್ತರಷ್ಟು ಕಳ್ಕೊಂಡ್ರೆ ಟೆನ್ನಿಸ್ ಬಾಲು ಹೆಚ್ಚುಕಮ್ಮಿ ಕಾಲು ಭಾಗ ಕಳ್ಕೊಳ್ಳುತ್ತೆ. ಆದ್ದರಿಂದ ಎಲ್ಲಿ ಹಿಡಿದ್ರಿ ಅನ್ನೋದೇ ಮುಖ್ಯ. ಕೈಬಿಟ್ಟ ಕೂಡಲೇ ಹಿಡಿದ್ರೆ ಒಂದು ನಂಬರು, ಕೀಪರ್ ಹತ್ತಿರ ಹಿಡಿದ್ರೆ ಬೇರೆ ನಂಬರು. ಅಗ್ಗದ ಗನ್ನು ದೂರ ನಿಂತ್ರೆ ಬಾಲನ್ನ ತಡವಾಗಿ ಕಾಣುತ್ತೆ, ಅಷ್ಟು ಹೊತ್ತಿಗೆ ಅದು ಸುಸ್ತಾಗಿರುತ್ತೆ.

ಅಮೆರಿಕದೋರೂ ಇದರ ಮೇಲೆ ದಶಕಗಟ್ಟಲೆ ಕಿತ್ತಾಡಿದ್ದಾರೆ. 1974ರಲ್ಲಿ ನೋಲನ್ ರಯಾನ್‌ಗೆ 100.9 ಮೈಲಿ ಬಂತು, ಆದ್ರೆ ಅಳೆದದ್ದು ಬಾಲು ಬ್ಯಾಟರ್ ಹತ್ತಿರ ಬಂದ ಮೇಲೆ. ಈಗ ಕೈಬಿಟ್ಟ ಗಳಿಗೆಯ ಸ್ಪೀಡನ್ನೇ ಲೆಕ್ಕಕ್ಕೆ ಇಡ್ತಾರೆ. ಹಾಗೆ ನೋಡಿದ್ರೆ ರಯಾನ್ ಇನ್ನೂ ಜೋರು ಅಂತ ಅವನ ಕಡೆಯವರು ಇವತ್ತಿಗೂ ಹೋರಾಡ್ತಾರೆ. ನೀವು ಒಬ್ಬರೇ ಅಲ್ಲ, ಸಮಾಧಾನ ಮಾಡ್ಕೊಳ್ಳಿ.

ಕಡಿಮೆ ಬಂದ್ರೆ ಗನ್ ಮೇಲೆ ಇಷ್ಟು ಅನುಮಾನ ಪಡ್ತೀರಲ್ಲ, ಜಾಸ್ತಿ ಬಂದ್ರೆ ಯಾಕೆ ಪಡಲ್ಲ? ಕೋನದ ತಪ್ಪು ಯಾವತ್ತೂ ಕಡಿಮೆಯೇ ತೋರಿಸುತ್ತೆ, ಆದ್ರೆ ಬೇರೆ ತಪ್ಪುಗಳು ಇವೆ. ಗನ್ನಿಗೆ ಬಾಲು ಯಾವುದು, ಬ್ಯಾಟು ಯಾವುದು ಅಂತ ಗೊತ್ತಿಲ್ಲ. ಬ್ಯಾಟ್ಸ್‌ಮನ್ ಬೀಸಿದ ಬ್ಯಾಟಿನ ತುದಿ ನಿಮ್ಮ ಬಾಲಿಗಿಂತ ಜೋರಾಗಿದ್ರೆ ಅದನ್ನೇ ಓದಿಬಿಡಬಹುದು. ಸ್ಲೋ ಬಾಲ್ ಹಾಕಿದಾಗ ಬಾಲಿಗಿಂತ ಕೈಯೇ ಮುಂದಿರುತ್ತೆ, ಅದನ್ನ ಹಿಡಿಯಬಹುದು. ಕಾಂಪೌಂಡ್ ಆಚೆ ರಸ್ತೆ ಖಾಲಿ ಇದ್ದು ಬಿಎಂಟಿಸಿ ಬಸ್ ಹೋಗ್ತಿದ್ರೆ ಅದನ್ನೂ ಹಿಡಿಯಬಹುದು. (ರಸ್ತೆ ಖಾಲಿ ಇರೋದು ಯಾವಾಗ ಅಂತೀರಾ? ಸರಿ, ಅದನ್ನ ಬಿಡಿ.) ಮನೆಯೊಳಗೆ ಹಿಡಿದು ನೋಡಿ, ಸೀಲಿಂಗ್ ಫ್ಯಾನಿಗೂ ಒಂದು ಸ್ಪೀಡ್ ಕೊಡುತ್ತೆ.

ದೊಡ್ಡೋರ ಆಟದಲ್ಲೇ ಹೀಗಾಗಿದೆ. 2022ರ ಜೂನ್‌ನಲ್ಲಿ ಐರ್ಲೆಂಡ್ ಎದುರು ಭುವನೇಶ್ವರ್ ಕುಮಾರ್ ಬಾಲಿಗೆ ಟಿವಿಯಲ್ಲಿ 201 ಅಂತ ಬಂತು. ಭುವಿಗೆ! 2024ರ ಡಿಸೆಂಬರ್‌ನಲ್ಲಿ ಅಡಿಲೇಡ್ ಟೆಸ್ಟಲ್ಲಿ ಸಿರಾಜ್‌ಗೆ 181.6. ಜಗತ್ತಿನ ದಾಖಲೆ ಶೋಯಬ್ ಅಖ್ತರ್‌ದು, 2003ರ ವಿಶ್ವಕಪ್‌ನಲ್ಲಿ ಕೇಪ್‌ಟೌನಲ್ಲಿ ಇಂಗ್ಲೆಂಡ್ ಎದುರು ಹಾಕಿದ 161.3. ಭುವಿ, ಸಿರಾಜ್ ಇಬ್ಬರ ನಂಬರನ್ನೂ ನೋಡಿದೋರು ನಂಬಲಿಲ್ಲ. ನಿಮಗೆ ಅಂಥದ್ದು ಬಂದಿದ್ರೆ? ಸ್ಕ್ರೀನ್‌ಶಾಟ್ ತೆಗೆದು ಫ್ಯಾಮಿಲಿ ಗ್ರೂಪಿಗೆ ಹಾಕಿ, ಅತ್ತೆ ಮನೆಯೋರು ಕೈ ಮುಗಿಯೋ ಗುರುತು ಕಳಿಸಿ, ಸ್ಟೇಟಸ್ಸೂ ಆಗ್ತಿತ್ತು. ಸುಳ್ಳಾ?

ಇದು ಬರೀ ಬೌಲಿಂಗ್ ವಿಷಯ ಅಲ್ಲ ಬಿಡಿ, ನಿಮ್ಮನ್ನ ನಾನು ಬಲ್ಲೆ. ಬಿಪಿ ಮೆಷಿನ್ನಲ್ಲಿ 150 ಬಂದ್ರೆ ‘ಮೆಟ್ಲು ಹತ್ಕೊಂಡು ಬಂದೆ, ಅದಕ್ಕೆ’. ಐದು ನಿಮಿಷ ಬಿಟ್ಟು ಮತ್ತೆ, ಆಮೇಲೆ ಇನ್ನೊಂದು ಸಲ. ಯಾವುದು ಕಡಿಮೆಯೋ ಅದು ಡಾಕ್ಟರಿಗೆ. ತೂಕದ ಮೆಷಿನ್ ಮೇಲೆ ನಿಲ್ಲೋ ಮುಂಚೆ ಚಪ್ಪಲಿ, ಬೆಲ್ಟು, ಪರ್ಸು, ಮೊಬೈಲು ಎಲ್ಲ ಕೆಳಗೆ. (ಪರ್ಸು ಇಳಿಸಿದ್ರೆ ಏನೂ ವ್ಯತ್ಯಾಸ ಆಗಲ್ಲ, ತಿಂಗಳ ಕೊನೆ.) ಬೈಕ್ ಮೈಲೇಜ್ ಕೇಳಿದ್ರೆ ಯಾವತ್ತೋ ನೈಸ್ ರೋಡಲ್ಲಿ ಬಂದದ್ದು ಹೇಳ್ತೀರಿ. ಮತ್ತೆ, ನೀವೂ ಒಂದು ಗನ್ ಕೊಂಡು ತಂದಾಗ ಮನೆಯವರು ‘ಆ ಗನ್ನಿಗೆ ಎಷ್ಟು ಕೊಟ್ರಿ?’ ಅಂತ ಕೇಳಿದ್ರೆ ಬೆಲೆಯನ್ನ 60 ಡಿಗ್ರಿ ಕೋನದಲ್ಲಿ ನಿಂತು ಹೇಳ್ತೀರಿ. ಅಲ್ಲಿ ಮಾತ್ರ ಕಾಸ್ ತೀಟಾ ಎಷ್ಟು ಚೆನ್ನಾಗಿ ಬರುತ್ತೆ ನಿಮಗೆ!

ಗನ್ ಕೈಗೆ ಸಿಗಲಿಲ್ಲ, ಮೊಬೈಲಲ್ಲೇ ನೋಡ್ಕೊಂಡೆ ಅನ್ನೋರೂ ಇದ್ದೀರಿ. ಕೈಬಿಟ್ಟಾಗ ಒಂದು ಒತ್ತು, ತಲುಪಿದಾಗ ಇನ್ನೊಂದು ಒತ್ತು. ಕ್ರೀಸಿಂದ ಕ್ರೀಸಿಗೆ 17.68 ಮೀಟರ್, ಹಾಗಾಗಿ 63.6ನ್ನ ಸೆಕೆಂಡಿಂದ ಭಾಗಿಸಿದ್ರೆ ಕಿಲೋಮೀಟರ್ ಬಂತು. ಅರ್ಧ ಸೆಕೆಂಡ್ ಆದ್ರೆ 127. 0.6 ಆದ್ರೆ 106. ಹೆಬ್ಬೆರಳು ಸೆಕೆಂಡಿನ ಹತ್ತನೇ ಒಂದು ಭಾಗ ತಡಮಾಡಿದ್ದಕ್ಕೆ 21 ಕಿಲೋಮೀಟರ್ ವ್ಯತ್ಯಾಸ! ನಿಮ್ಮ ಹೆಬ್ಬೆರಳು ಯಾವ ಕಡೆ ತಪ್ಪುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಜೊತೆಗೆ ಇದು ದಾರಿಯುದ್ದದ ಸರಾಸರಿ, ಕೈಬಿಟ್ಟಾಗಿನ ಸ್ಪೀಡಲ್ಲ. ಸ್ಲೋ ಮೋಷನ್ನಲ್ಲಿ ಸೆಕೆಂಡಿಗೆ 240 ಫ್ರೇಮ್ ಹಿಡಿದು ಎಣಿಸಿದ್ರೆ ಪರವಾಗಿಲ್ಲ. ಎಣಿಸೋ ತಾಳ್ಮೆ ಇದ್ದೋರು ಸ್ಪಿನ್ ಹಾಕ್ತಾರೆ, ಅದು ಬೇರೆ ಮಾತು.

ನಮ್ಮ ಜಾವಗಲ್ ಶ್ರೀನಾಥ್ ನೋಡಿ. ಮೈಸೂರಿನ ಎಸ್‌ಜೆಸಿಇಯಲ್ಲಿ ಇನ್‌ಸ್ಟ್ರುಮೆಂಟೇಶನ್ ಇಂಜಿನಿಯರಿಂಗ್ ಓದಿದೋರು, ಅಂದ್ರೆ ಅಳೆಯೋದನ್ನೇ ಓದಿದೋರು. 1999ರ ವಿಶ್ವಕಪ್‌ನಲ್ಲಿ ಅವರಿಗೆ 154.5 ಬಂದಿತ್ತು ಅನ್ನೋ ಲೆಕ್ಕ ಇವತ್ತಿಗೂ ಓಡಾಡುತ್ತೆ. ಅವರ ವೃತ್ತಿಯ ಮೊದಲರ್ಧದಲ್ಲಿ, ಭುಜದ ಆಪರೇಷನ್ನಿಗೆ ಮುಂಚಿನ ಜೋರಿನ ದಿನಗಳಲ್ಲಿ, ಪ್ರತಿ ಬಾಲಿಗೂ ಟಿವಿಯಲ್ಲಿ ನಂಬರ್ ಬರೋ ಕಾಲ ಇನ್ನೂ ಬಂದಿರಲಿಲ್ಲ. ಅವರು ಬಾಯಿಬಿಟ್ಟು ನಾನು ಇಷ್ಟು ಅಂತ ಹೇಳ್ಕೊಂಡು ತಿರುಗಿದ್ದು ಯಾರಾದ್ರೂ ಕೇಳಿದ್ದೀರಾ? ಟೆಸ್ಟಲ್ಲಿ 236 ವಿಕೆಟ್, ಒನ್‌ಡೇಯಲ್ಲಿ 315. ಅದನ್ನ ಅಳೆಯೋಕೆ ಗನ್ ಬೇಡ. ಅನಿಲ್ ಕುಂಬ್ಳೆಯಂತೂ 2018ರಲ್ಲಿ ಬ್ಯಾಟಿಗೆ ಅಂಟಿಸೋ ಪುಟ್ಟ ಸೆನ್ಸರ್ ತಂದು ಬ್ಯಾಟ್ಸ್‌ಮನ್‌ಗಳನ್ನೇ ಅಳೆಯೋಕೆ ಹೊರಟ್ರು. ಬೌಲರ್ ಬುದ್ಧಿ ಅಂದ್ರೆ ಅದು!

ನಿಜವಾದ ಸ್ಪೀಡ್ ಹೇಗಿರುತ್ತೆ ಅಂತ ನಮ್ಮೂರು ಕಣ್ಣಾರೆ ಕಂಡಿದೆ. 2024ರ ಏಪ್ರಿಲ್ 2, ಚಿನ್ನಸ್ವಾಮಿ ಸ್ಟೇಡಿಯಂ, ಲಕ್ನೋ ಕಡೆ ಮಯಂಕ್ ಯಾದವ್ ಅನ್ನೋ ಹುಡುಗ. ಐಪಿಎಲ್‌ಗೆ ಬಂದು ಅವನಿಗೆ ಎರಡನೇ ಮ್ಯಾಚು. ಗನ್ನಲ್ಲಿ 156.7. ಅದೂ ನಮ್ಮ ಆರ್‌ಸಿಬಿ ಮೇಲೆ, 14 ರನ್ನಿಗೆ 3 ವಿಕೆಟ್. ಆವತ್ತು ಗನ್ ಸರಿಯಾಗಿತ್ತಾ ಅಂತ ಯಾರೂ ಕೇಳಲಿಲ್ಲ, ನಮ್ಮ ಬ್ಯಾಟ್ಸ್‌ಮನ್ ಗ್ರೀನ್‌ನ ಸ್ಟಂಪ್ ನೋಡಿದ್ರೆ ಸಾಕಿತ್ತು. (ಅವು ನಿಜವಾದ ಸ್ಟಂಪು, ಸಾಲಿಡ್ ಬ್ಲಾಕಲ್ಲ.)

ಸುಂಕದವನ ಮುಂದೆ ಸುಖದುಃಖ ಹೇಳ್ಕೊಂಡ ಹಾಗೆ, ಗನ್ನಿನ ಮುಂದೆ ನಿಮ್ಮ ಮಂಡಿ ನೋವು, ರಾತ್ರಿ ಶಿಫ್ಟು, ಬೆಳಗ್ಗೆ ತಿಂದ ಚೌಚೌ ಬಾತು ಏನೂ ನಡೆಯಲ್ಲ. ಆದ್ರೂ ಒಂದು ಸಲ ಸರಿಯಾಗಿ ಅಳ್ಕೊಂಡು ಬಿಡಿ, ಸಾಯೋವರೆಗೆ ಒಂದು ನಂಬರಾದ್ರೂ ನಿಮ್ಮದು ಅಂತ ಇರಲಿ. ಗನ್ ಹಿಡಿದೋನು ಬೌಲರ್ ಹಿಂದೆ ನೇರಕ್ಕೆ, ನಾಲ್ಕೈದು ಹೆಜ್ಜೆ ದೂರದಲ್ಲಿ, ಬಾಲ್ ಬಿಡೋ ಎತ್ತರಕ್ಕೆ ಗನ್ ಹಿಡಿದು ನಿಲ್ಲಲಿ. ಕೀಪರ್ ಹಿಂದೆ ನಿಲ್ಲೋದಾದ್ರೆ ಕಬ್ಬಿಣದ ಜಾಲರಿ ಅಡ್ಡ ಇರಬಾರದು. ಸೆಲ್ ಹೊಸದಿರಲಿ. ದುಬಾರಿ ಗನ್ನಾದ್ರೆ ಜೊತೆಗೆ ಶ್ರುತಿಕವೆ ಕೊಟ್ಟಿರ್ತಾರೆ, ಅದನ್ನ ಮಿಡಿದು ಮುಂದೆ ಹಿಡಿದ್ರೆ ಅದರ ಮೇಲೆ ಬರೆದಿರೋ ನಂಬರೇ ಬರಬೇಕು. ಬ್ಯಾಟ್ಸ್‌ಮನ್‌ನ ಆಚೆ ಕಳಿಸಿ, ಬರೀ ಸ್ಟಂಪಿಗೆ ಹಾಕಿ. ಆರು ಬಾಲ್ ಹಾಕಿ, ಒಂದೇ ಒಂದು ಚೆನ್ನಾಗಿ ಬಂದದ್ದನ್ನಲ್ಲ, ಆರನ್ನೂ ಬರ್ಕೊಳ್ಳಿ. ಇದೊಂದೇ ನಿಮಗೆ ಕಷ್ಟ ಆಗೋದು.

ಏನು ಬರುತ್ತೆ ಅಂತೀರಾ? ಮೈ ಬೆಚ್ಚಗಾಗಿದ್ರೆ, ಹಿಂದಿನ ರಾತ್ರಿ ಬೇಗ ಮಲಗಿದ್ರೆ, 92. ಅಷ್ಟೇ. ಬೇಜಾರಾಗಬೇಡಿ, ನಿಮ್ಮ ವಯಸ್ಸಿಗೆ ಅದು ಮರ್ಯಾದಸ್ಥ ನಂಬರೇ. ಸಂಜೆ ಟೀ ಅಂಗಡಿಯಲ್ಲಿ ಯಾರಾದ್ರೂ ಕೇಳಿದ್ರೆ ಧೈರ್ಯವಾಗಿ ‘92’ ಅಂದುಬಿಡಿ, ಒಂದು ಚೂರೂ ಸುಳ್ಳಿಲ್ಲ. ಕಿಲೋಮೀಟರೋ ಮೈಲಿಯೋ ಅಂತ ಅವರೇ ಕೇಳೋವರೆಗೆ ನೀವಾಗಿ ಬಾಯಿ ಬಿಡಬೇಡಿ.